ತಿಮಿಂಗಿಲ ಕಳೆದುಕೊಂಡ ಅಕ್ಷರಗಳು

ನೀಲಿ ತಿಮಿಂಗಿಲಕ್ಕೆ ಹಲ್ಲಿಲ್ಲ. ಮೇಲ್ದವಡೆಯಿಂದ ಸಾಲಾಗಿ ಇಳಿಬಿದ್ದಿರುವ, ನಮ್ಮ ಉಗುರು ಮತ್ತು ಕೂದಲಿನಲ್ಲಿರುವ ಕೆರಾಟಿನ್‌ನಿಂದಲೇ ಆದ ನೂರಾರು ತೆಳುಪಟ್ಟಿಗಳ ಜರಡಿಯಲ್ಲಿ ಅದು ಸಮುದ್ರದ ನೀರನ್ನು ಸೋಸುತ್ತದೆ. ನೀರು ಹೊರಹೋದ ಮೇಲೆ ಒಳಗೆ ಉಳಿಯುವ, ಸೀಗಡಿಯನ್ನು ಹೋಲುವ ಕ್ರಿಲ್‌ಗಳೇ ಅದರ ಊಟ. ಆದರೆ ಅದೇ ತಿಮಿಂಗಿಲ ತಾಯಿಯ ಹೊಟ್ಟೆಯಲ್ಲಿ ಭ್ರೂಣವಾಗಿದ್ದಾಗ ಅದರ ದವಡೆಯೊಳಗೆ ಹಲ್ಲಿನ ಮೊಳಕೆಗಳು ಮೂಡುತ್ತವೆ. ಅವು ಒಸಡನ್ನು ಸೀಳಿ ಹೊರಬರುವುದಿಲ್ಲ. ಹುಟ್ಟುವುದಕ್ಕೆ ಮುಂಚೆಯೇ ಕರಗಿ, ಮೈಯಲ್ಲಿ ಸೇರಿ, ಇದ್ದ ಸುಳಿವೂ ಇಲ್ಲದಂತೆ ಮಾಯವಾಗುತ್ತವೆ. 19ನೆಯ ಶತಮಾನದ ಅಂಗರಚನಾ ಶಾಸ್ತ್ರಜ್ಞರು ಇದನ್ನು ಕಂಡು ಬರೆದಿಟ್ಟಿದ್ದರು. ಎಂದೂ ಬಳಸದ ಹಲ್ಲನ್ನು ಕಟ್ಟಲು ಹೊರಟು, ಅರ್ಧಕ್ಕೇ ಕೈಬಿಡುವ ಈ ಕೆಲಸದ ಆದೇಶ ಎಲ್ಲಿ ಬರೆದಿದೆ, ಅದನ್ನು ರದ್ದುಪಡಿಸಿದ್ದು ಯಾವುದು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮಾತ್ರ ಈಚೆಗೆ, ಡಿಎನ್‌ಎಯನ್ನು ಅಕ್ಷರ ಅಕ್ಷರವಾಗಿ ಓದಲು ಸಾಧ್ಯವಾದ ಮೇಲೆ.

ಕನ್ನಡ ಪತ್ರಿಕೆಗಳಲ್ಲಿ ತಿಮಿಂಗಿಲ ಕಾಣಿಸಿಕೊಳ್ಳುವುದು ಹೆಚ್ಚಾಗಿ ಅಪರಾಧ ಸುದ್ದಿಯ ಪುಟದಲ್ಲಿ, ‘ತಿಮಿಂಗಿಲದ ವಾಂತಿ’ ಮಾರಲು ಯತ್ನಿಸಿ ಸಿಕ್ಕಿಬಿದ್ದವರ ಜೊತೆಯಲ್ಲಿ. ಅದು ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ ಗಟ್ಟಿಯಾಗುವ ಅಂಬರ್‌ಗ್ರಿಸ್ ಎಂಬ ವಸ್ತು. ವಾಂತಿಯೆಂಬ ಹೆಸರು ಅದಕ್ಕೆ ಅಂಟಿಬಿಟ್ಟಿದೆ. ಹೆಸರಿನ ಮಾತು ಬಂದಾಗ ಹೇಳಬೇಕಾದ ಇನ್ನೊಂದು ಸಂಗತಿಯಿದೆ. ತಿಮಿ ಎಂಬ ಮಹಾಮತ್ಸ್ಯವನ್ನೂ ನುಂಗುವುದು ತಿಮಿಂಗಿಲ ಎಂದು ನಮ್ಮ ಪದವೇ ಹೇಳುತ್ತದೆ. ಅಂದರೆ ಮೀನುಗಳ ಲೋಕದ ಒಳಗೇ ಅದಕ್ಕೊಂದು ದೊಡ್ಡ ಸ್ಥಾನ ಕೊಟ್ಟಿದ್ದೇವೆ. ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಅದನ್ನು ಮೀನುಗಳ ಸಾಲಿನಿಂದ ತೆಗೆದು ಸಸ್ತನಿಗಳ ಸಾಲಿಗೆ ಸೇರಿಸಿದ. ಮೀನಲ್ಲ ಎಂಬುದು ಅಲ್ಲಿಗೆ ತೀರ್ಮಾನವಾಯಿತು. ಹಾಗಾದರೆ ಯಾವ ಸಸ್ತನಿಯ ನೆಂಟ ಎಂಬುದು ಇತ್ಯರ್ಥವಾಗಲು ಮತ್ತೆ ಇನ್ನೂರೈವತ್ತು ವರ್ಷಗಳೇ ಹಿಡಿದವು.

ಡಾರ್ವಿನ್ 1859ರ ತನ್ನ ಗ್ರಂಥದ ಮೊದಲ ಆವೃತ್ತಿಯಲ್ಲಿ, ಬಾಯಿ ತೆರೆದುಕೊಂಡು ನೀರಿನಲ್ಲಿ ಈಜುತ್ತ ಹುಳುಗಳನ್ನು ಹಿಡಿಯುವ ಕರಡಿಯ ಉದಾಹರಣೆ ಕೊಟ್ಟು, ಅಂಥ ಪ್ರಾಣಿ ಕ್ರಮೇಣ ತಿಮಿಂಗಿಲದಂಥದ್ದಾಗುವುದು ಅಸಾಧ್ಯವೇನಲ್ಲ ಎಂದು ಬರೆದಿದ್ದ. ಜನ ನಕ್ಕರು, ಮುಂದಿನ ಆವೃತ್ತಿಯಲ್ಲಿ ಆತ ಆ ಮಾತನ್ನು ಮೊಟಕುಗೊಳಿಸಿದ. ಇಪ್ಪತ್ತನೆಯ ಶತಮಾನದ ಮಧ್ಯದ ವೇಳೆಗೆ ಪಳೆಯುಳಿಕೆ ತಜ್ಞರಲ್ಲಿ ಬೇರೊಂದು ಅಭಿಪ್ರಾಯ ಬಲವಾಯಿತು. ಮೆಸೊನಿಕಿಡ್ ಎಂದು ಕರೆಯಲಾಗುವ, ತೋಳದಂಥ ಮೈ ಮತ್ತು ಗೊರಸಿನಂಥ ಕಾಲ್ಬೆರಳುಗಳಿದ್ದ ಮಾಂಸಾಹಾರಿಗಳ ಹಲ್ಲುಗಳು ಆದಿ ತಿಮಿಂಗಿಲಗಳ ಹಲ್ಲುಗಳನ್ನು ಬಹುವಾಗಿ ಹೋಲುತ್ತಿದ್ದವು. 1966ರಲ್ಲಿ ಲೀ ವಾನ್ ವೇಲನ್ ಈ ವಾದವನ್ನು ಮಂಡಿಸಿದ ಮೇಲೆ ಮೂರು ದಶಕಗಳ ಕಾಲ ಪಠ್ಯಪುಸ್ತಕಗಳು ಅದನ್ನೇ ಹೇಳಿದವು.

ಆದರೆ ರಕ್ತ ಬೇರೆಯದನ್ನೇ ಹೇಳುತ್ತಿತ್ತು. 1950ರಲ್ಲೇ ಬಾಯ್ಡನ್ ಮತ್ತು ಜೆಮರಾಯ್ ಎಂಬ ಇಬ್ಬರು ಸಂಶೋಧಕರು ರಕ್ತಸಾರದ ಪ್ರತಿಕ್ರಿಯೆಗಳನ್ನು ಹೋಲಿಸಿ ನೋಡಿ, ತಿಮಿಂಗಿಲದ ಪ್ರೋಟೀನುಗಳು ಸೀಳುಗೊರಸಿನ ಪ್ರಾಣಿಗಳ, ಅಂದರೆ ದನ, ಜಿಂಕೆ, ಹಂದಿ, ಒಂಟೆಗಳ ಬಳಗದ ಪ್ರೋಟೀನುಗಳಿಗೆ ಹತ್ತಿರವಾಗಿವೆ ಎಂದು ವರದಿ ಮಾಡಿದ್ದರು. ಮೂಳೆಯನ್ನು ನೋಡುವವರು ಇದಕ್ಕೆ ಹೆಚ್ಚು ಬೆಲೆ ಕೊಡಲಿಲ್ಲ. ತೊಂಬತ್ತರ ದಶಕದಲ್ಲಿ ಹಾಲಿನ ಕೇಸೀನ್ ಮತ್ತು ರಕ್ತದ ಫೈಬ್ರಿನೊಜೆನ್‌ಗಳ ವಂಶವಾಹಿಗಳನ್ನು ಓದಿದಾಗಲೂ ತಿಮಿಂಗಿಲ ಅದೇ ಬಳಗಕ್ಕೆ ಬಂತು. ಅದೂ ಬಳಗದ ಅಂಚಿಗಲ್ಲ, ಒಳಮನೆಗೆ, ನೀರಾನೆಯ ಪಕ್ಕಕ್ಕೆ. ಆದರೂ ಅಕ್ಷರಗಳ ಹೋಲಿಕೆಯಲ್ಲಿ ಒಂದು ತೊಡಕಿದೆ. ಡಿಎನ್‌ಎಯಲ್ಲಿ ಇರುವುದು ನಾಲ್ಕೇ ಅಕ್ಷರಗಳಾದ್ದರಿಂದ, ಸಂಬಂಧವೇ ಇಲ್ಲದ ಎರಡು ಪ್ರಾಣಿಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಅಕ್ಷರ ಆಕಸ್ಮಿಕವಾಗಿ ಬಂದು ಕೂರಬಹುದು. ಸಂಶಯ ಪಡುವವರಿಗೆ ಅಷ್ಟು ಸಂದು ಸಾಕಾಗಿತ್ತು.

ಆ ಸಂದನ್ನು ಮುಚ್ಚಿದ್ದು ಟೋಕಿಯೊ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿದ್ದ ನೊರಿಹಿರೊ ಒಕಾಡ ಅವರ ಬಳಗ. ಅವರು ಬಳಸಿದ ಉಪಾಯ ನಮ್ಮಲ್ಲಿ ಗ್ರಂಥಸಂಪಾದನೆ ಮಾಡುವವರಿಗೆ ಚೆನ್ನಾಗಿ ಗೊತ್ತಿರುವಂಥದ್ದು. ಒಂದು ಕಾವ್ಯದ ಹತ್ತು ಓಲೆಪ್ರತಿಗಳು ಸಿಕ್ಕಿವೆ ಎಂದುಕೊಳ್ಳೋಣ. ಅವುಗಳಲ್ಲಿ ಸರಿಯಾದ ಪಾಠ ಸಮಾನವಾಗಿದ್ದರೆ ಅದರಿಂದ ಏನೂ ತಿಳಿಯದು, ಸರಿಯಾದದ್ದು ಎಲ್ಲರಲ್ಲೂ ಇರುವುದು ಸಹಜ. ಆದರೆ ಮೂರು ಪ್ರತಿಗಳಲ್ಲಿ ಮಾತ್ರ, ಒಂದೇ ಪದ್ಯದ ಒಂದೇ ಪಾದದ ನಡುವೆ, ಅಲ್ಲಿ ಸಲ್ಲದ ಒಂದೇ ಸಾಲು ನುಸುಳಿದ್ದರೆ, ಆ ಮೂವರು ಲಿಪಿಕಾರರ ಮುಂದಿದ್ದದ್ದು ಒಂದೇ ಮಾತೃಪ್ರತಿಯ ಪರಂಪರೆ ಎಂದು ಸಂಪಾದಕರು ನಿಶ್ಚಯಿಸುತ್ತಾರೆ. ವಂಶವೃಕ್ಷವನ್ನು ಬರೆಯುವುದು ಒಪ್ಪಿನಿಂದಲ್ಲ, ತಪ್ಪಿನಿಂದ.

ಸಸ್ತನಿಗಳ ಜೀನೋಮಿನಲ್ಲಿ, ಅಂದರೆ ಡಿಎನ್‌ಎಯ ಇಡೀ ಪಾಠದಲ್ಲಿ, ಇಂಥ ಸಲ್ಲದ ಸಾಲುಗಳು ಧಾರಾಳವಾಗಿವೆ. ಕೆಲವು ನೂರು ಅಕ್ಷರಗಳಷ್ಟು ಉದ್ದದ, ಸೈನ್ ಎಂದು ಕರೆಯಲಾಗುವ ತುಣುಕುಗಳು ತಮ್ಮದೇ ನಕಲು ಮಾಡಿಸಿಕೊಂಡು ಆ ನಕಲನ್ನು ಜೀನೋಮಿನ ಇನ್ನೆಲ್ಲೋ ಸೇರಿಸುತ್ತವೆ. ನಮ್ಮ ಜೀನೋಮಿನ ಸುಮಾರು ಹತ್ತನೆಯ ಒಂದು ಭಾಗ ಆಲು ಎಂಬ ಒಂದೇ ಬಗೆಯ ತುಣುಕಿನ ಹತ್ತು ಲಕ್ಷಕ್ಕೂ ಮಿಕ್ಕ ನಕಲುಗಳಿಂದ ತುಂಬಿದೆ. ಕೋಟಿಗಟ್ಟಲೆ ಅಕ್ಷರಗಳ ನಡುವೆ ಒಂದು ತುಣುಕು ಎರಡು ಪ್ರಾಣಿಗಳಲ್ಲಿ ಬೇರೆ ಬೇರೆಯಾಗಿ ಬಂದು ಕರಾರುವಾಕ್ಕಾಗಿ ಒಂದೇ ಸಂದಿಯಲ್ಲಿ ಕೂರುವ ಸಂಭವ ಬಹಳ ಕಡಿಮೆ. ಒಮ್ಮೆ ಸೇರಿದ್ದು ಕುರುಹಿಲ್ಲದೆ ಕಳಚಿಕೊಳ್ಳುವ ಸಂಭವವೂ ಹಾಗೆಯೇ. 1997ರಲ್ಲಿ ಮತ್ತು ಇನ್ನಷ್ಟು ವಿವರವಾಗಿ 1999ರಲ್ಲಿ ಒಕಾಡ ಅವರ ಬಳಗ ಪ್ರಕಟಿಸಿದ ಫಲಿತಾಂಶಗಳಲ್ಲಿ ಕೆಲವು ತುಣುಕುಗಳು ತಿಮಿಂಗಿಲ, ನೀರಾನೆ ಮತ್ತು ಮೆಲುಕು ಹಾಕುವ ಪ್ರಾಣಿಗಳಲ್ಲಿ ಇದ್ದವು, ಹಂದಿ ಒಂಟೆಗಳಲ್ಲಿ ಇರಲಿಲ್ಲ. ಇನ್ನು ಕೆಲವು ತಿಮಿಂಗಿಲ ಮತ್ತು ನೀರಾನೆಗಳಲ್ಲಿ ಮಾತ್ರ ಇದ್ದವು. ಪ್ರಯೋಗಾಲಯದಲ್ಲಿ ಇದನ್ನು ಕಣ್ಣಾರೆ ನೋಡಬಹುದು: ಆ ಜಾಗದ ಡಿಎನ್‌ಎಯನ್ನು ಪಿಸಿಆರ್ ಎಂಬ ವಿಧಾನದಿಂದ ನಕಲು ಮಾಡಿ ಹೆಚ್ಚಿಸಿ, ಜೆಲ್ ಎಂಬ ಲೋಳೆಯಂಥ ಪದರದಲ್ಲಿ ವಿದ್ಯುತ್ತಿನಿಂದ ಓಡಿಸಿದರೆ, ತುಣುಕು ಇರುವ ಪ್ರಾಣಿಯ ಪಟ್ಟೆ ಭಾರವಾಗಿ ಹಿಂದೆ ನಿಲ್ಲುತ್ತದೆ, ಇಲ್ಲದ್ದು ಹಗುರಾಗಿ ಮುಂದೆ ಓಡುತ್ತದೆ. ತಿಮಿಂಗಿಲ ಮತ್ತು ನೀರಾನೆಗಳ ಪಟ್ಟೆಗಳು ಒಂದೇ ಎತ್ತರದಲ್ಲಿ ನಿಂತಿರುತ್ತವೆ; ಪಕ್ಕದಲ್ಲಿ ಹಂದಿಯದು ಕೆಳಗಿಳಿದಿರುತ್ತದೆ.

ಇದರ ತಾತ್ಪರ್ಯ ಮೊದಲ ಸಲ ಕೇಳಿದವರಿಗೆ ವಿಚಿತ್ರವೆನಿಸುತ್ತದೆ. ಕೊಟ್ಟಿಗೆಯಲ್ಲಿ ಕಟ್ಟಿದ ಹಸುವಿಗೆ ಹಂದಿಗಿಂತಲೂ, ಕುದುರೆಗಿಂತಲೂ ಹತ್ತಿರದ ನೆಂಟ ಸಮುದ್ರದ ತಿಮಿಂಗಿಲ. ಹಾಗೆಂದು ತಿಮಿಂಗಿಲ ನೀರಾನೆಯಿಂದ ಬಂತು ಎಂದು ಯಾರೂ ಹೇಳುತ್ತಿಲ್ಲ. ಸುಮಾರು ಐದೂವರೆ ಕೋಟಿ ವರ್ಷಗಳ ಹಿಂದೆ ಅವೆರಡಕ್ಕೂ ಸಮಾನವಾದ ಪೂರ್ವಜವೊಂದಿತ್ತು, ಅಲ್ಲಿಂದ ದಾರಿಗಳು ಬೇರೆಯಾದವು ಎಂಬುದಷ್ಟೇ ಮಾತು. ಎರಡೂ ನೀರಿನ ಪ್ರಾಣಿಗಳಲ್ಲವೇ, ಆ ಪೂರ್ವಜವೂ ನೀರಿನದೇ ಇರಬೇಕಲ್ಲವೇ ಎಂದು ಕೇಳುವುದು ಸಹಜ. ಆದರೆ 2021ರಲ್ಲಿ ಎರಡರ ಚರ್ಮವನ್ನೂ ಚರ್ಮಕ್ಕೆ ಸಂಬಂಧಿಸಿದ ವಂಶವಾಹಿಗಳನ್ನೂ ಹೋಲಿಸಿದ ಅಧ್ಯಯನವೊಂದು, ಅವು ನೀರಿಗೆ ಹೊಂದಿಕೊಂಡದ್ದು ಬೇರೆ ಬೇರೆಯಾಗಿ ಎಂಬ ತೀರ್ಮಾನಕ್ಕೆ ಬಂದಿತು.

ಡಿಎನ್‌ಎ ಎಂದೂ ತಪ್ಪುವುದಿಲ್ಲ ಎಂದೇನೂ ಅಲ್ಲ; ಓದುವ ರೀತಿಯಲ್ಲಿ ತಪ್ಪಾಗಬಹುದು. 1993ರಲ್ಲಿ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ಎಂಬ ಘಟಕದ ಡಿಎನ್‌ಎಯ ಒಂದು ಚಿಕ್ಕ ಭಾಗವನ್ನು ಓದಿದ ಸಂಶೋಧಕರು, ಹಲ್ಲಿರುವ ಸ್ಪರ್ಮ್ ತಿಮಿಂಗಿಲ ಉಳಿದ ಹಲ್ಲಿನ ತಿಮಿಂಗಿಲಗಳಿಗಿಂತ ಜರಡಿ ತಿಮಿಂಗಿಲಗಳಿಗೇ ಹತ್ತಿರ ಎಂದು ಪ್ರಕಟಿಸಿ ದೊಡ್ಡ ಗದ್ದಲ ಎಬ್ಬಿಸಿದರು. 2001ರಲ್ಲಿ ಸೈನ್ ತುಣುಕುಗಳ ಪರೀಕ್ಷೆ ಆ ತೀರ್ಮಾನವನ್ನು ತಳ್ಳಿಹಾಕಿ ಸ್ಪರ್ಮ್ ತಿಮಿಂಗಿಲವನ್ನು ಹಲ್ಲಿನವುಗಳ ಗುಂಪಿಗೇ ಮರಳಿಸಿತು. ಡಾಲ್ಫಿನ್‌ಗಳೂ ಹಲ್ಲಿನ ತಿಮಿಂಗಿಲಗಳ ಗುಂಪಿನವೇ. ನಮ್ಮ ಗಂಗೆಯ ಡಾಲ್ಫಿನ್ ಮತ್ತು ಅಮೆಜಾನ್ ನದಿಯ ಡಾಲ್ಫಿನ್ ನೋಡಲು ಒಂದೇ ಬಗೆಯಾದರೂ ಒಂದೇ ಕುಲದವಲ್ಲ, ಸಮುದ್ರದಿಂದ ನದಿಗೆ ಬೇರೆ ಬೇರೆಯಾಗಿ ಬಂದವು ಎಂಬುದನ್ನೂ ಅದೇ ಪರೀಕ್ಷೆ ತೋರಿಸಿತು.

ಮೂಳೆಯವರು ಕೊನೆಗೆ ಒಪ್ಪಿದ್ದು ಮೂಳೆಯನ್ನು ನೋಡಿದ ಮೇಲೆಯೇ. ಸೀಳುಗೊರಸಿನ ಪ್ರಾಣಿಗಳ ಹಿಂಗಾಲಿನ ಹರಡಿನ ಮೂಳೆಗೆ ಒಂದು ವಿಶೇಷವಿದೆ: ಬಾವಿಯ ರಾಟೆಯಂತೆ ನಡುವೆ ತಗ್ಗಿರುವ ಸುತ್ತು ಅದರ ಮೇಲ್ತುದಿಯಲ್ಲೂ ಇದೆ, ಕೆಳತುದಿಯಲ್ಲೂ ಇದೆ. ಈ ಜೋಡಿ ರಾಟೆ ಬೇರೆ ಯಾವ ಸಸ್ತನಿಗೂ ಇಲ್ಲ. 2001ರಲ್ಲಿ ಪಾಕಿಸ್ತಾನದಿಂದ ಬಂದ ಕಾಲುಳ್ಳ ಆದಿ ತಿಮಿಂಗಿಲಗಳ ಪಳೆಯುಳಿಕೆಗಳನ್ನು ಎರಡು ತಂಡಗಳು ಒಂದೇ ವಾರದಲ್ಲಿ ವರ್ಣಿಸಿದವು. ಎರಡರಲ್ಲೂ ಜೋಡಿ ರಾಟೆಯಿತ್ತು. ಮೆಸೊನಿಕಿಡ್ ವಾದವನ್ನು ವರ್ಷಗಟ್ಟಲೆ ಬೆಂಬಲಿಸಿದ್ದ ಫಿಲಿಪ್ ಗಿಂಗರಿಚ್ ಅವರೇ ಆ ತಂಡಗಳಲ್ಲೊಂದರ ಮುಖ್ಯಸ್ಥರಾಗಿದ್ದರು. ತಮ್ಮ ಕೈಗೇ ಸಿಕ್ಕ ಮೂಳೆ ತಮ್ಮ ಅಭಿಪ್ರಾಯಕ್ಕೆ ವಿರುದ್ಧವಾಗಿದ್ದಾಗ ಅದನ್ನು ಹಾಗೆಯೇ ಪ್ರಕಟಿಸಿದ್ದು ನನಗೆ ಇಡೀ ಕಥೆಯಲ್ಲಿ ಬಹಳ ಹಿಡಿಸಿದ ಭಾಗ.

ಭಾರತದ ಪಾಲೂ ಇದರಲ್ಲಿದೆ. ಎ. ರಂಗರಾವ್ ಎಂಬ ಭೂವಿಜ್ಞಾನಿ ಜಮ್ಮು–ಕಾಶ್ಮೀರದ ಕಾಲಾಕೋಟ್ ಪ್ರದೇಶದಿಂದ ಸಂಗ್ರಹಿಸಿದ ಕಲ್ಲುಗಳಲ್ಲಿ ಕಂಡ ಚಿಕ್ಕ ಪ್ರಾಣಿಗೆ 1971ರಲ್ಲಿ ಇಂಡೋಹಯಸ್ ಎಂದು ಹೆಸರಿಟ್ಟರು. ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, ಡೆಹ್ರಾಡೂನಿನಲ್ಲಿ ಉಳಿದಿದ್ದ ಆ ಕಲ್ಲುಗಳು ಅವರ ಪತ್ನಿಯ ಮೂಲಕ ಪಳೆಯುಳಿಕೆ ತಜ್ಞ ಹಾನ್ಸ್ ಥೆವಿಸ್ಸನ್ ಅವರ ಕೈ ಸೇರಿದವು. ತಲೆಬುರುಡೆಯೊಂದನ್ನು ಬಿಡಿಸುವಾಗ ಕಿವಿಯ ಮೂಳೆ ಅಕಸ್ಮಾತ್ತಾಗಿ ಮುರಿಯಿತು. ಮುರಿದ ಭಾಗದಲ್ಲಿ ತಿಮಿಂಗಿಲಗಳಿಗೆ ಮಾತ್ರ ಇರುವುದೆಂದು ಭಾವಿಸಲಾಗಿದ್ದ ದಪ್ಪ ಅಂಚು ಕಾಣಿಸಿತು. ಬೆಕ್ಕಿನ ಗಾತ್ರದ, ಗೊರಸುಳ್ಳ, ಸುಮಾರು 4 ಕೋಟಿ 80 ಲಕ್ಷ ವರ್ಷಗಳ ಹಿಂದಿನ ಈ ಪ್ರಾಣಿ ತಿಮಿಂಗಿಲಗಳ ದಾಯಾದಿ ಎಂದು 2007ರಲ್ಲಿ ಪ್ರಕಟವಾಯಿತು. ವಂಶವಾಹಿಗಳು ಹೇಳಿದ ದಿಕ್ಕಿನಲ್ಲೇ ಕಲ್ಲೂ ಬೆರಳು ತೋರಿಸಿತ್ತು.

ಇಷ್ಟು ನೆಂಟಸ್ತಿಕೆಯ ಮಾತಾಯಿತು. ನೆಂಟಸ್ತಿಕೆಗಿಂತ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು, ನೀರಿಗಿಳಿದ ಪ್ರಾಣಿ ಏನೇನನ್ನು ಕಳೆದುಕೊಂಡಿತು ಎಂಬ ಲೆಕ್ಕ ಅದರ ಜೀನೋಮಿನಲ್ಲೇ ಉಳಿದಿರುವ ಬಗೆ.

ಹೈಸ್ಕೂಲಿನಲ್ಲಿ ವೃತ್ತಗಳಿಗೆ ಪ್ರಸ್ತಾರ ಹಾಕಿದವರಿಗೆ ಇದನ್ನು ವಿವರಿಸುವುದು ಸುಲಭ. ಚಂಪಕಮಾಲೆಯ ಪಾದವೊಂದನ್ನು ಬರೆದುಕೊಂಡು, ಲಘು ಗುರುಗಳನ್ನು ಗುರುತಿಸಿ, ಮೂರು ಮೂರು ಅಕ್ಷರಕ್ಕೆ ಗೆರೆ ಎಳೆದರೆ ನಜಭಜಜಜರ ಗಣಗಳು ಒಂದರ ಹಿಂದೊಂದು ಬರುತ್ತವೆ. ನಡುವೆ ಒಂದಕ್ಷರ ಕಣ್ತಪ್ಪಿದರೆ ಹಾಳಾಗುವುದು ಆ ಒಂದು ಗಣವಲ್ಲ, ಅಲ್ಲಿಂದ ಮುಂದಿನ ಎಲ್ಲವೂ. ನಾನು ಪರೀಕ್ಷೆಯಲ್ಲಿ ಹಾಗೆ ಅಂಕ ಕಳೆದುಕೊಂಡವನೇ. ವಂಶವಾಹಿಯನ್ನು ಜೀವಕೋಶ ಓದುವುದೂ ಮೂರು ಮೂರು ಅಕ್ಷರಗಳ ಗಣ ಮಾಡಿಕೊಂಡೇ. ಒಟ್ಟು 64 ಗಣಗಳಲ್ಲಿ 61 ಗಣಗಳು ಒಂದೊಂದು ಅಮೈನೋ ಆಮ್ಲವನ್ನು ಸೂಚಿಸುತ್ತವೆ. ಮೂರು ಗಣಗಳಿಗೆ ‘ಇಲ್ಲಿಗೆ ಮುಗಿಯಿತು’ ಎಂದಷ್ಟೇ ಅರ್ಥ. ‘ಕಮಲ ಸರಳ ಪವನ ನಯನ’ ಎಂಬ ಸಾಲಿನಲ್ಲಿ ‘ಳ’ ಒಂದು ಬಿದ್ದುಹೋದರೆ ಗಣಗಳು ‘ಕಮಲ ಸರಪ ವನನ ಯನ’ ಎಂದಾಗುತ್ತವೆ. ಹೀಗೆ ಅರ್ಥಗೆಟ್ಟು ಸಾಗುವ ಓದು ಬಹುಬೇಗ ಯಾವುದೋ ಒಂದು ‘ಮುಗಿಯಿತು’ ಗಣಕ್ಕೆ ಎಡವಿ ನಿಲ್ಲುತ್ತದೆ. ಪ್ರೋಟೀನು ಅರೆಬರೆಯಾಗಿ ತಯಾರಾಗುತ್ತದೆ ಅಥವಾ ತಯಾರಾಗುವುದೇ ಇಲ್ಲ.

ಭೂಮಿಯ ಮೇಲಿನ ಪ್ರಾಣಿಯಲ್ಲಿ ಇಂಥ ತಪ್ಪು ಮುಖ್ಯವಾದ ವಂಶವಾಹಿಯಲ್ಲಿ ಆದರೆ ಅದನ್ನು ಹೊತ್ತ ಮರಿಗಳು ಹಿಂದೆ ಬೀಳುತ್ತವೆ, ತಪ್ಪು ಮುಂದಿನ ತಲೆಮಾರುಗಳಲ್ಲಿ ಅಳಿಯುತ್ತದೆ. ಆ ವಂಶವಾಹಿಯ ಕೆಲಸವೇ ಬೇಡವಾದಾಗ ತಪ್ಪನ್ನು ಸೋಸುವವರಿಲ್ಲ. ಅಕ್ಷರಗಳು ಒಂದೊಂದಾಗಿ ಉದುರುತ್ತವೆ, ಆದರೂ ಪಾಠದ ಬಹುಭಾಗ ಓದಲು ಬರುವಂತೆ ಉಳಿದಿರುತ್ತದೆ. ಬಾಗಿಲು ಹಾಕಿದ ಅಂಗಡಿಯ ಮುಂದೆ ಹಳೆಯ ನಾಮಫಲಕ ನೇತಾಡುತ್ತಿರುವ ಹಾಗೆ. ಇವನ್ನು ಹುಸಿ ವಂಶವಾಹಿಗಳು ಎನ್ನುತ್ತಾರೆ.

ಈಗ ಹಲ್ಲಿಗೆ ಮರಳುತ್ತೇನೆ. ಹಲ್ಲಿನ ಹೊರಮೈಯ ಎನಾಮಲ್ ಕಟ್ಟುವುದಕ್ಕೇ ಮೀಸಲಾದ ಕೆಲವು ವಂಶವಾಹಿಗಳಿವೆ. ಸುಮಾರು 2008–09ರಲ್ಲಿ ಜರಡಿ ತಿಮಿಂಗಿಲಗಳಲ್ಲಿ ಅವುಗಳನ್ನು ಓದಿದ ಸಂಶೋಧಕರಿಗೆ ನಿರೀಕ್ಷೆಯಂತೆ ಮುರಿದ ಪಾಠಗಳು ಸಿಕ್ಕವು. ಆದರೆ ಒಂದು ಒಗಟೂ ಜೊತೆಗೆ ಬಂತು. ಪಳೆಯುಳಿಕೆಗಳ ಪ್ರಕಾರ ಎನಾಮಲ್ ಹೋದದ್ದು ಇಂದಿನ ಜರಡಿ ತಿಮಿಂಗಿಲಗಳಿಗೆಲ್ಲ ಸಮಾನವಾದ ಪೂರ್ವಜದಲ್ಲೇ. ಹಾಗಾದರೆ ಎಲ್ಲ ಜಾತಿಗಳಲ್ಲೂ ಒಂದೇ ಜಾಗದಲ್ಲಿ ಒಂದೇ ಮುರಿತ ಇರಬೇಕು. ಇವರಿಗೆ ಕಂಡದ್ದು ಒಂದೊಂದು ಜಾತಿಯಲ್ಲಿ ಒಂದೊಂದು ಕಡೆ ಆದ, ಈಚಿನ ಮುರಿತಗಳು. ಮನೆಗೆ ಬೀಗ ಬಿದ್ದು ಬಹಳ ವರ್ಷಗಳಾದ ಮೇಲೆ ಒಂದು ಕಡೆ ಸೂರು ಕುಸಿದಿದೆ, ಇನ್ನೊಂದು ಕಡೆ ಗೋಡೆ ಬಿದ್ದಿದೆ. ಮೊದಲು ಬಾಗಿಲು ಹಾಕಿದ ಬೀಗ ಮಾತ್ರ ಎಲ್ಲೂ ಕಾಣುವುದಿಲ್ಲ.

ಆ ಬೀಗ 2011ರಲ್ಲಿ ಸಿಕ್ಕಿತು. ಎಮ್‌ಎಮ್‌ಪಿ20 ಎಂಬ ವಂಶವಾಹಿ ತಯಾರಿಸುವ ಕಿಣ್ವವು, ಎನಾಮಲ್ ಗಟ್ಟಿಯಾಗುವಾಗ ಅದರ ನಡುವಿನ ಪ್ರೋಟೀನುಗಳನ್ನು ಕತ್ತರಿಸಿ ಖನಿಜಕ್ಕೆ ಜಾಗ ಮಾಡಿಕೊಡುತ್ತದೆ. ಮನುಷ್ಯರಲ್ಲೂ ಈ ವಂಶವಾಹಿ ಕೆಟ್ಟರೆ ಎನಾಮಲ್ ಮೆತ್ತಗಾಗಿ ಹಲ್ಲು ಬೇಗ ಸವೆಯುವ ಆನುವಂಶಿಕ ತೊಂದರೆ ಬರುತ್ತದೆ. ಪರೀಕ್ಷಿಸಿದ ಎಲ್ಲ ಜರಡಿ ತಿಮಿಂಗಿಲಗಳಲ್ಲೂ ಈ ವಂಶವಾಹಿಯ ಎರಡನೆಯ ಖಂಡದ ನಡುವೆ, ಅದೇ ಅಕ್ಷರದ ಪಕ್ಕದಲ್ಲಿ, ಒಂದು ಸೈನ್ ತುಣುಕು ಬಂದು ಕೂತಿತ್ತು. ನೀರಾನೆಯ ನೆಂಟಸ್ತಿಕೆಯನ್ನು ಸಾಕ್ಷಿ ಹೇಳಿದ್ದ ಅದೇ ಬಗೆಯ ಅಲೆಮಾರಿ ತುಣುಕು ಇಲ್ಲಿ ಹಲ್ಲಿನ ಕಾರ್ಖಾನೆಗೆ ಬೀಗ ಜಡಿದಿತ್ತು. ಒಂದೇ ಜಾಗದಲ್ಲಿ ಒಂದೇ ತುಣುಕು ಇದೆಯೆಂದರೆ ಅದು ಸಮಾನ ಪೂರ್ವಜದಲ್ಲೇ ನುಸುಳಿದ್ದು ಎಂಬುದರಲ್ಲಿ ಸಂಶಯಕ್ಕೆ ಎಡೆಯಿಲ್ಲ. ಮೂಳೆ, ಭ್ರೂಣ, ಅಕ್ಷರ ಮೂರೂ ಒಂದೇ ಮಾತು ಹೇಳಿದ ಇಂಥ ಸಂದರ್ಭಗಳು ಜೀವವಿಕಾಸದ ಅಧ್ಯಯನದಲ್ಲಿಯೂ ಅಪರೂಪ.

ಉಳಿದ ಇಂದ್ರಿಯಗಳ ಲೆಕ್ಕವೂ ಹೀಗೆಯೇ ಇದೆ. ನೆಲದ ಪ್ರಾಣಿಯ ಮೂಗು ಗಾಳಿಯಲ್ಲಿ ತೇಲಿಬರುವ ಅಣುಗಳಿಗಾಗಿ ಆದದ್ದು. ಹಲ್ಲಿನ ತಿಮಿಂಗಿಲಗಳಲ್ಲಿ ವಾಸನೆಯನ್ನು ಗ್ರಹಿಸುವ ಮಿದುಳಿನ ಭಾಗವೇ ಇಲ್ಲ, ವಾಸನೆಯ ವಂಶವಾಹಿಗಳಲ್ಲಿ ಹೆಚ್ಚಿನವು ಹುಸಿಯಾಗಿವೆ. ಜರಡಿ ತಿಮಿಂಗಿಲಗಳಲ್ಲಿ ಸ್ವಲ್ಪ ಉಳಿದಿದೆ. ರುಚಿಯದು ಇನ್ನೂ ಬರಡು: ಸಿಹಿ, ಕಹಿ, ಹುಳಿ ಮತ್ತು ಮಾಂಸದ ಸಾರದಲ್ಲಿರುವ ಉಮಾಮಿ ರುಚಿಗಳ ವಂಶವಾಹಿಗಳು ಕೆಟ್ಟಿವೆ ಎಂದು 2014ರ ಅಧ್ಯಯನವೊಂದು ತೋರಿಸಿತು. ಉಪ್ಪಿನದು ಮಾತ್ರ ಉಳಿದಿದೆ. ಅದೇ ಪ್ರೋಟೀನು ಮೂತ್ರಪಿಂಡದಲ್ಲಿ ಸೋಡಿಯಂ ನಿರ್ವಹಣೆಗೂ ಬೇಕಾದ್ದರಿಂದ ಇರಬಹುದು. ಬೇಟೆಯನ್ನು ಅಗಿಯದೆ ಇಡಿಯಾಗಿ ನುಂಗುವ ಪ್ರಾಣಿಗೆ ರುಚಿ ನೋಡುವ ಪುರಸೊತ್ತೆಲ್ಲಿಯದು? ಕಣ್ಣಿನ ವಿಷಯದಲ್ಲಿ ಮಾತ್ರ ಸ್ವಲ್ಪ ಸೋಜಿಗವಿದೆ. ನೀಲಿ ಬೆಳಕನ್ನು ಗ್ರಹಿಸುವ ಶಂಕುಕೋಶದ ವರ್ಣದ್ರವ್ಯದ ವಂಶವಾಹಿ ಎಲ್ಲ ತಿಮಿಂಗಿಲಗಳಲ್ಲೂ ಕೆಟ್ಟಿದೆ. ಕಡಲಾಳಕ್ಕೆ ಧುಮುಕುವ ಸ್ಪರ್ಮ್ ತಿಮಿಂಗಿಲದಂಥವುಗಳಲ್ಲಿ ಉಳಿದಿದ್ದ ಇನ್ನೊಂದು ಬಗೆಯ ಶಂಕುಕೋಶದ ವಂಶವಾಹಿಯೂ ಹೋಗಿ, ಮಂದ ಬೆಳಕಿಗೆ ಒದಗುವ ದಂಡಕೋಶಗಳು ಮಾತ್ರ ಉಳಿದಿವೆ. ಅವಕ್ಕೆ ಜಗತ್ತು ಬಣ್ಣವಿಲ್ಲದ ಬೂದು.

ಇಲ್ಲಿಯವರೆಗಿನವು ಬಳಸದೆ ತುಕ್ಕು ಹಿಡಿದವು. ಕಳೆದುಕೊಂಡದ್ದೇ ಲಾಭವಾದ ಉದಾಹರಣೆಗಳೂ ಇವೆ ಎಂಬ ವಾದವನ್ನು 2019ರಲ್ಲಿ ಜರ್ಮನಿಯ ಮೈಕೆಲ್ ಹಿಲ್ಲರ್ ಅವರ ತಂಡ ಮುಂದಿಟ್ಟಿತು. ನೀರಾನೆಯಲ್ಲಿ ಸರಿಯಾಗಿದ್ದು, ತಿಮಿಂಗಿಲಗಳ ಪೂರ್ವಜ ನೀರಿಗಿಳಿಯುವ ಹೊತ್ತಿನಲ್ಲಿ ಕೆಟ್ಟುಹೋದ 85 ವಂಶವಾಹಿಗಳನ್ನು ಅವರು ಪಟ್ಟಿಮಾಡಿದರು. ಅದರಲ್ಲಿ ರಕ್ತ ಹೆಪ್ಪುಗಟ್ಟುವುದಕ್ಕೆ ಸಂಬಂಧಿಸಿದ ಎಫ್‌12 ಒಂದು. ತಿಮಿಂಗಿಲ ಆಳಕ್ಕೆ ಮುಳುಗಿದಾಗ ರಕ್ತನಾಳಗಳು ಬಿಗಿಯುತ್ತವೆ, ಹರಿವು ನಿಧಾನವಾಗುತ್ತದೆ, ಮೇಲೇರುವಾಗ ರಕ್ತದಲ್ಲಿ ಸಾರಜನಕದ ಸಣ್ಣ ಗುಳ್ಳೆಗಳು ಏಳಬಹುದು; ಇವೆಲ್ಲವೂ ಬೇಡದ ಕಡೆ ಹೆಪ್ಪು ಕಟ್ಟಿಸುವಂಥವು. ಗಾಯವಾದಾಗ ರಕ್ತ ನಿಲ್ಲಿಸಲು ಬೇರೆ ದಾರಿ ಇರುವುದರಿಂದ ಎಫ್‌12 ಇಲ್ಲದಿರುವುದೇ ಕ್ಷೇಮ. ಡಾಲ್ಫಿನ್ ಮತ್ತು ಓರ್ಕಾಗಳ ರಕ್ತದಲ್ಲಿ ಈ ಅಂಶವಿಲ್ಲ ಎಂದು 1969ರಲ್ಲೇ ವರದಿಯಾಗಿತ್ತು. ಕಾರಣ ಅಕ್ಷರಗಳಲ್ಲಿ ಸಿಕ್ಕಿದ್ದು ಆಮೇಲೆ.

ಅದೇ ಪಟ್ಟಿಯಲ್ಲಿ ನಿದ್ರೆಗೆ ಸಂಬಂಧಿಸಿದ ಮೆಲಟೋನಿನ್ ತಯಾರಿಸುವ ಮತ್ತು ಅದನ್ನು ಗ್ರಹಿಸುವ ವಂಶವಾಹಿಗಳೂ ಇವೆ. ತಿಮಿಂಗಿಲಗಳು ಮಿದುಳಿನ ಒಂದರ್ಧವನ್ನು ಮಲಗಿಸಿ ಇನ್ನರ್ಧವನ್ನು ಎಚ್ಚರವಾಗಿಟ್ಟುಕೊಂಡು, ಉಸಿರಿಗೆ ಆಗಾಗ ಮೇಲೆ ಬರುತ್ತವೆ. ಇಡೀ ಮೈಗೆ ‘ರಾತ್ರಿಯಾಯಿತು, ಮಲಗು’ ಎಂದು ಹೇಳುವ ರಾಸಾಯನಿಕ ಅವಕ್ಕೆ ಉಪಕಾರಿಯಲ್ಲ. ಜೊಲ್ಲು ಸ್ರವಿಸಲು ನೆರವಾಗುವ ವಂಶವಾಹಿಯೊಂದೂ ಹೋಗಿದೆ. ಬಾಯ್ತುಂಬ ಸಮುದ್ರ ಇರುವವರಿಗೆ ಜೊಲ್ಲೇಕೆ ಎಂದು ಕೇಳಿದರೆ ತಪ್ಪಲ್ಲ.

ಆದರೆ ಎಲ್ಲ ನಷ್ಟವೂ ಅಕ್ಷರ ಉದುರಿ ಆದದ್ದಲ್ಲ. ಹಿಂಗಾಲುಗಳನ್ನೇ ನೋಡಿ. ಈಜಿಪ್ಟಿನ ವಾದಿ ಅಲ್ ಹಿತಾನ್ ಮರುಭೂಮಿಯಲ್ಲಿ ಸಿಕ್ಕ ಬ್ಯಾಸಿಲೊಸಾರಸ್ ಎಂಬ ಹಾವಿನಂತೆ ಉದ್ದನೆಯ ತಿಮಿಂಗಿಲಕ್ಕೆ ಮೈಗೆ ಹೋಲಿಸಿದರೆ ಆಟಿಕೆಯಂಥ ಹಿಂಗಾಲುಗಳಿದ್ದವು, ಪಾದ ಬೆರಳುಗಳ ಸಮೇತ. ಇಂದಿನ ತಿಮಿಂಗಿಲಗಳಲ್ಲಿ ಹೆಚ್ಚಾಗಿ ಮಾಂಸದೊಳಗೆ ಹುದುಗಿದ ಸೊಂಟದ ಮೂಳೆ ಮಾತ್ರ ಉಳಿದಿದೆ. 2006ರಲ್ಲಿ ಥೆವಿಸ್ಸನ್ ಮತ್ತು ಸಹೋದ್ಯೋಗಿಗಳು ಚುಕ್ಕೆ ಡಾಲ್ಫಿನ್‌ಗಳ ಭ್ರೂಣಗಳನ್ನು ಪರೀಕ್ಷಿಸಿದಾಗ, ಗರ್ಭದ ಮೊದಲ ವಾರಗಳಲ್ಲಿ ಹಿಂಗಾಲಿನ ಮೊಗ್ಗುಗಳು ಎರಡೂ ಬದಿ ಚೆನ್ನಾಗಿಯೇ ಮೂಡಿದ್ದವು. ಮುಂದೆ ಅವು ಬೆಳೆಯಬೇಕಾದರೆ ಸಾನಿಕ್ ಹೆಜ್‌ಹಾಗ್ ಎಂಬ ವಂಶವಾಹಿ ಆ ಮೊಗ್ಗಿನಲ್ಲಿ ಚಾಲೂ ಆಗಬೇಕು. ಅಲ್ಲಿ ಅದು ಆಗುವುದಿಲ್ಲ, ಮೊಗ್ಗು ಬಾಡಿಹೋಗುತ್ತದೆ. ಆ ವಂಶವಾಹಿ ಮಾತ್ರ ಎಲ್ಲಿಯೂ ಹೋಗಿಲ್ಲ. ಮಿದುಳು ಮತ್ತು ಮುಂಗಾಲಿನ ರೆಕ್ಕೆ ಕಟ್ಟಲು ಅದು ಬೇಕೇ ಬೇಕು. ದೀಪ ಕೆಟ್ಟಿಲ್ಲ, ಒಂದು ಕೋಣೆಯ ಸ್ವಿಚ್ಚು ಮಾತ್ರ ಒತ್ತುವವರಿಲ್ಲ. ಹೀಗಾಗಿಯೇ ಅಪರೂಪಕ್ಕೊಮ್ಮೆ ಹಳೆಯ ಅಂಗ ಮತ್ತೆ ತಲೆ ಹಾಕುತ್ತದೆ: 1919ರಲ್ಲಿ ಕೆನಡಾದ ವ್ಯಾಂಕೂವರ್ ದ್ವೀಪದ ಬಳಿ ಕೊಂದ ಗೂನುಬೆನ್ನಿನ ತಿಮಿಂಗಿಲವೊಂದಕ್ಕೆ ಒಂದು ಮೀಟರಿಗೂ ಉದ್ದವಾದ ಹಿಂಗಾಲುಗಳು ಹೊರಚಾಚಿದ್ದವು, 2006ರಲ್ಲಿ ಜಪಾನಿನ ತೈಜಿಯಲ್ಲಿ ಹಿಡಿದ ಡಾಲ್ಫಿನ್ ಒಂದಕ್ಕೆ ಹಿಂಬದಿಯಲ್ಲೂ ಒಂದು ಜೊತೆ ಚಿಕ್ಕ ರೆಕ್ಕೆಗಳಿದ್ದವು. ಎನಾಮಲ್ಲಿರುವ ಹಲ್ಲು ಹೀಗೆ ಮರಳಿ ಬರಲಾರದು. ಅದರ ಪಾಠವೇ ಕೆಟ್ಟಿದೆ.

ಗಳಿಸಿದ್ದು ಏನೂ ಇಲ್ಲವೇ? ಇದೆ, ಅದರಲ್ಲಿ ಒಂದನ್ನಾದರೂ ಹೇಳದಿದ್ದರೆ ಲೆಕ್ಕ ಏಕಪಕ್ಷೀಯವಾದೀತು. ಸ್ನಾಯುಗಳಲ್ಲಿ ಆಮ್ಲಜನಕವನ್ನು ಕೂಡಿಡುವ ಮಯೊಗ್ಲೋಬಿನ್ ಎಂಬ ಪ್ರೋಟೀನು ಸ್ಪರ್ಮ್ ತಿಮಿಂಗಿಲದ ಮಾಂಸದಲ್ಲಿ ಎಷ್ಟು ದಟ್ಟವಾಗಿದೆಯೆಂದರೆ ಆ ಮಾಂಸ ಕಪ್ಪಾಗಿ ಕಾಣುತ್ತದೆ. ಕೇಂಬ್ರಿಜ್ಜಿನಲ್ಲಿ ಜಾನ್ ಕೆಂಡ್ರ್ಯೂ ಒಂದು ಪ್ರೋಟೀನಿನ ಆಕಾರವನ್ನು ಜಗತ್ತಿನಲ್ಲೇ ಮೊದಲ ಬಾರಿಗೆ 1958ರಲ್ಲಿ ಬಿಡಿಸಿದ್ದು ಇದೇ ಪ್ರಾಣಿಯ ಮಯೊಗ್ಲೋಬಿನ್ನಿನ ಹರಳುಗಳಿಂದ. 1962ರಲ್ಲಿ ಅವರಿಗೆ ಮತ್ತು ಮ್ಯಾಕ್ಸ್ ಪೆರುಟ್ಸ್ ಅವರಿಗೆ ನೊಬೆಲ್ ಬಂತು. ಅಷ್ಟು ದಟ್ಟವಾಗಿ ತುಂಬಿದ ಪ್ರೋಟೀನು ಮುದ್ದೆಗಟ್ಟುವುದಿಲ್ಲವೇಕೆ? 2013ರಲ್ಲಿ ಲಿವರ್‌ಪೂಲಿನ ಮೈಕೆಲ್ ಬೆರೆನ್‌ಬ್ರಿಂಕ್ ಅವರ ತಂಡ ಇದಕ್ಕೆ ಉತ್ತರ ಕೊಟ್ಟಿತು. ಮುಳುಗುವ ಸಸ್ತನಿಗಳ ಮಯೊಗ್ಲೋಬಿನ್ನಿನ ಹೊರಮೈಯಲ್ಲಿ ಧನ ವಿದ್ಯುದಂಶ ಹೆಚ್ಚು. ಅದರಿಂದ ಅಣುಗಳು ಒಂದನ್ನೊಂದು ದೂರ ತಳ್ಳುತ್ತ ಬಿಡಿಬಿಡಿಯಾಗಿ ಉಳಿಯುತ್ತವೆ. 153 ಅಮೈನೋ ಆಮ್ಲಗಳ ಸರಪಳಿಯಲ್ಲಿ ಬೆರಳೆಣಿಕೆಯ ಬದಲಾವಣೆಗಳಿಂದ ಆದದ್ದು ಇದು. ಇಂದಿನ ಪ್ರಾಣಿಗಳ ಅಕ್ಷರಗಳಿಂದ ಹಿಂದಕ್ಕೆ ಲೆಕ್ಕ ಹಾಕಿ, ಅಳಿದುಹೋದ ಪೂರ್ವಜಗಳ ಮಯೊಗ್ಲೋಬಿನ್ ಹೇಗಿತ್ತು, ಅವು ಎಷ್ಟು ಹೊತ್ತು ಮುಳುಗಿರಬಲ್ಲವಾಗಿದ್ದವು ಎಂದೂ ಅವರು ಅಂದಾಜಿಸಿದರು. ಪಳೆಯುಳಿಕೆಗಳಲ್ಲಿ ಸ್ನಾಯು ಉಳಿಯುವುದಿಲ್ಲ ಎಂಬುದನ್ನು ನೆನೆದರೆ ಈ ಕೆಲಸದ ಬೆಲೆ ತಿಳಿಯುತ್ತದೆ.

ಕೊನೆಯದಾಗಿ, ಕಳೆದುಕೊಂಡ ಕಾಲಕ್ಕೆ ಯಾವ ಬಾಧೆಯನ್ನೂ ಕೊಡದೆ ಈಗ ಕೊಡುತ್ತಿರಬಹುದಾದ ಒಂದು ನಷ್ಟ. ಪಿಒಎನ್1 ಎಂಬ ವಂಶವಾಹಿ ತಯಾರಿಸುವ ಪ್ಯಾರಾಕ್ಸೊನೇಸ್ ಕಿಣ್ವ ನಮ್ಮ ರಕ್ತದಲ್ಲಿ ಕೊಬ್ಬಿನ ಕಣಗಳ ಜೊತೆ ಓಡಾಡಿಕೊಂಡಿರುತ್ತದೆ. ಸಸ್ತನಿಗಳಲ್ಲಿ ಇದು ಕೋಟ್ಯಂತರ ವರ್ಷಗಳಿಂದ ಇದೆ. ತಿಮಿಂಗಿಲಗಳಲ್ಲಿ, ಕಡಲಹಸುವಿನ ಬಳಗದ ಮ್ಯಾನಟೀಗಳಲ್ಲಿ ಮತ್ತು ಕೆಲವು ಸೀಲ್‌ಗಳಲ್ಲಿ ಇದು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಮುರಿತಗಳಿಂದ ಕೆಟ್ಟಿದೆ ಎಂದು 2018ರಲ್ಲಿ ವಿನ್ ಮೇಯರ್, ನೇಥನ್ ಕ್ಲಾರ್ಕ್ ಮತ್ತು ಸಂಗಡಿಗರು ಪ್ರಕಟಿಸಿದರು. ಮೂರು ಕುಲಗಳಲ್ಲಿ ಒಂದೇ ವಂಶವಾಹಿ ಸ್ವತಂತ್ರವಾಗಿ ಹೋಗಿದೆಯೆಂದರೆ ನೀರಿನ ಬಾಳಿಗೂ ಅದಕ್ಕೂ ಏನೋ ಸಂಬಂಧವಿರಲೇಬೇಕು; ಆಹಾರದ ಕೊಬ್ಬು ಬದಲಾದದ್ದು ಅಥವಾ ಮುಳುಗುವಾಗಿನ ಆಮ್ಲಜನಕದ ಏರಿಳಿತ ಕಾರಣವಾಗಿರಬಹುದು ಎಂಬ ಊಹೆಗಳಿವೆ.

ಈ ಕಿಣ್ವಕ್ಕೆ ಇನ್ನೊಂದು ಕೆಲಸವೂ ಬರುತ್ತದೆ, ಯಾರೂ ಅದಕ್ಕೆಂದು ಕಲಿಸದೆ ಇದ್ದರೂ. ಆರ್ಗನೊಫಾಸ್ಫೇಟ್ ವರ್ಗದ ಕೆಲವು ಕೀಟನಾಶಕಗಳು ಮೈಯೊಳಗೆ ಪಡೆಯುವ ವಿಷರೂಪವನ್ನು ಅದು ಒಡೆಯುತ್ತದೆ. ನಮ್ಮ ಊರಿನ ಗೊಬ್ಬರದಂಗಡಿಗಳಲ್ಲಿ ಗದ್ದೆಗೂ ಗೆದ್ದಲಿಗೂ ಎಂದು ಕೊಡುವ ಕ್ಲೋರ್‌ಪೈರಿಫಾಸ್ ಅದೇ ವರ್ಗದ್ದು. ಆ ಸಂಶೋಧಕರು ಕಡಲ ಸಸ್ತನಿಗಳ ರಕ್ತದ ಮಾದರಿಗಳಿಗೆ ಕ್ಲೋರ್‌ಪೈರಿಫಾಸ್‌ನ ಆ ವಿಷರೂಪವನ್ನು ಸೇರಿಸಿ ನೋಡಿದಾಗ, ನೆಲದ ಪ್ರಾಣಿಗಳ ರಕ್ತ ಅದನ್ನು ಒಡೆದ ಹಾಗೆ ಇವುಗಳ ರಕ್ತ ಒಡೆಯಲಿಲ್ಲ. ಕೀಟನಾಶಕವೆಂಬುದೇ ಇರದಿದ್ದ ಕಾಲದಲ್ಲಿ ಪಾಠದಿಂದ ಬಿದ್ದುಹೋದ ಅಕ್ಷರಗಳವು. ಅರಬ್ಬೀ ಸಮುದ್ರದ ನಮ್ಮ ಕರಾವಳಿಯಲ್ಲಿ ಗೂನುಬೆನ್ನಿನ ಡಾಲ್ಫಿನ್‌ಗಳು ಇರುವುದು ದಡಕ್ಕೆ ಹತ್ತಿರದ ಆಳವಿಲ್ಲದ ನೀರಿನಲ್ಲಿ, ಅದರಲ್ಲೂ ಹೊಳೆಗಳು ಸಮುದ್ರ ಸೇರುವ ಅಳಿವೆಗಳ ಆಸುಪಾಸಿನಲ್ಲಿ. ಮಳೆಗಾಲದಲ್ಲಿ ಗದ್ದೆ ತೋಟಗಳನ್ನು ತೊಳೆದುಕೊಂಡು ಬರುವ ಕೆಂಪು ನೀರು ಮೊದಲು ಬಂದು ಬೀಳುವುದೂ ಅಲ್ಲಿಯೇ.